ನಿರುಪಯುಕ್ತವೆಂದು ಬರೆದ ಗಣಕಯಂತ್ರ

ಸರ್ಕಾರಿ ವಸ್ತುವೊಂದರ ಆಯುಷ್ಯವನ್ನು ನಿರ್ಧರಿಸುವುದು ಕಡತದೊಳಗಿನ ಒಂದು ಟಿಪ್ಪಣಿ. ಸಾಮಾನ್ಯ ಹಣಕಾಸು ನಿಯಮಗಳು, 2017, ಇವುಗಳ 217ನೆಯ ನಿಯಮದ ಮೇರೆಗೆ ಇಲಾಖೆಗೆ ಬೇಡವಾದ ವಸ್ತುವನ್ನು ಹೆಚ್ಚುವರಿ, ಹಳತಾದುದು ಅಥವಾ ನಿರುಪಯುಕ್ತ ಎಂದು ಘೋಷಿಸಬಹುದು. ಕಾರಣವನ್ನು ಮಾತ್ರ ದಾಖಲಿಸತಕ್ಕದ್ದು. ಕೇಂದ್ರ ಸರ್ಕಾರದ ಸೇವೆಯಲ್ಲಿ ಕಳೆದ ವರ್ಷಗಳಲ್ಲಿ ಇಂಥ ಎಷ್ಟೋ ಪಟ್ಟಿಗಳನ್ನು ನಾನು ನೋಡಿದ್ದೇನೆ. ಕಾರಣದ ಅಂಕಣದಲ್ಲಿ ಬಹುಮಟ್ಟಿಗೆ ಇರುವುದು 'ದುರಸ್ತಿಗೆ ಯೋಗ್ಯವಲ್ಲ' ಎಂಬ ಎರಡು ಪದ. ಯಾವ ಭಾಗ ಕೆಟ್ಟಿತ್ತು, ಯಾರು ಬಿಚ್ಚಿ ನೋಡಿದರು ಎಂಬ ವಿವರ ಇರುವುದು ಅಪರೂಪ.

ಈ ಎರಡು ಪದಗಳ ಬೆಲೆಯೇನೆಂಬುದು ನನಗೆ ಮನದಟ್ಟಾದದ್ದು ಜುಮೇರಾತ್ ಬಜಾರಿನಲ್ಲಿ. ಹೈದರಾಬಾದಿನ ಹಳೆಯ ಸಾಮಾನಿನ ಈ ಗುರುವಾರದ ಸಂತೆಯಲ್ಲಿ, ಒಡೆದ ಮಿಕ್ಸಿಗಳ ರಾಶಿಯ ಕೆಳಗೆ, ಬಿಬಿಸಿ ಮೈಕ್ರೋ ಎಂಬ ಗಣಕಯಂತ್ರವೊಂದು ಸಿಕ್ಕಿತು. ಮಾಸಿದ ಬಿಳಿಯ ಪೆಟ್ಟಿಗೆ. ಕೆಂಪು ಬಣ್ಣದ ಹತ್ತು ಕೀಲಿಗಳ ಒಂದು ಸಾಲು. ಬೆನ್ನಿನ ಮೇಲೆ ಯಾವುದೋ ಶಾಲೆಯ ದಾಸ್ತಾನು ಸಂಖ್ಯೆ. ವ್ಯಾಪಾರಿ ಎರಡು ಸಾವಿರ ಕೇಳಿದ, ಸಾವಿರದ ಇನ್ನೂರಕ್ಕೆ ಕೊಟ್ಟ. ತಾಮ್ರದ ತೂಕಕ್ಕೆ ಹೋಗಬೇಕಾಗಿದ್ದ ಸರಕನ್ನು ಆಟೋದಲ್ಲಿ ಕಾಚಿಗೂಡಕ್ಕೆ ತಂದೆ.

ಶಾಲೆಯ ಸಂಖ್ಯೆ ಅದರ ಮೇಲೆ ಹೇಗೆ ಬಂತೆಂಬುದನ್ನು ಇಂದಿನ ತಲೆಮಾರಿಗೆ ಹೇಳಬೇಕು. ಕೇಂಬ್ರಿಜ್ಜಿನ ಏಕಾರ್ನ್ ಸಂಸ್ಥೆ ಬ್ರಿಟನ್ನಿನ ಮನೆಗಳಿಗೂ ಶಾಲೆಗಳಿಗೂ ಎಂದು 1981ರ ಕೊನೆಯಲ್ಲಿ ಹೊರತಂದ ಯಂತ್ರವಿದು. ಭಾರತದಲ್ಲಿ 1984-85ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಮಂತ್ರಾಲಯ ಸೇರಿ 'ಕ್ಲಾಸ್' ಎಂಬ ಗಣಕ ಸಾಕ್ಷರತಾ ಯೋಜನೆಯನ್ನು ಆರಂಭಿಸಿ, ಮೊದಲಿಗೆ ಸುಮಾರು 250 ಶಾಲೆಗಳನ್ನು ಆರಿಸಿಕೊಂಡಾಗ ಕೊಟ್ಟದ್ದು ಇದನ್ನೇ. ಅನಂತರ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದೇ ಯಂತ್ರವನ್ನು 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ತಯಾರಿಸಿತು. ನಮ್ಮ ದೇಶದ ಶಾಲಾ ಮಕ್ಕಳ ಒಂದು ಪೀಳಿಗೆ ಗಣಕದ ಮುಖವನ್ನು ಮೊದಲು ಕಂಡದ್ದು ಈ ಪೆಟ್ಟಿಗೆಯಲ್ಲಿ. ಇಷ್ಟಾದರೂ ಅದಕ್ಕೊಂದು ಮೂಲೆ ಕೊಟ್ಟು ಇರಿಸಿಕೊಳ್ಳಬೇಕೆಂದು ಆ ಶಾಲೆಯವರಿಗೆ ಯಾರೂ ಹೇಳಲಿಲ್ಲ.

ಕೋಠಿಯ ಗುಜರಾತಿ ಗಲ್ಲಿಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರುಗಳನ್ನು ರಿಪೇರಿ ಮಾಡುತ್ತ ತಲೆ ನೆರೆಸಿಕೊಂಡ ಉಸ್ತಾದರೊಬ್ಬರಿದ್ದಾರೆ. ಪೆಟ್ಟಿಗೆಯನ್ನು ಮುಂದಿಟ್ಟ ಕೂಡಲೇ ಅವರೆಂದ ಮೊದಲ ಮಾತು: "ಪೈಲೇ ಕರೆಂಟ್ ನಕ್ಕೋ ದೇವೋ ಸಾಬ್." (ಈ 'ನಕ್ಕೋ' ಎಂಬುದು ಬೀದರ, ಕಲಬುರಗಿಯ ಕಡೆಯವರಿಗೆ ಮನೆಯ ಮಾತಿನಷ್ಟೇ ಪರಿಚಿತ.) ಅವರ ಎಚ್ಚರಿಕೆ ಸಕಾರಣವಾದುದು. ಈ ಯಂತ್ರದ ವಿದ್ಯುತ್ ಪೂರೈಕೆಯ ಭಾಗದಲ್ಲಿ, ಹೊರಗಿನ ಮಾರ್ಗದ ವಿದ್ಯುತ್ತಿಗೆ ನೇರವಾಗಿ ಜೋಡಿಸಿದ, ಕಾಗದದ ಪದರಗಳುಳ್ಳ ಎರಡು ಕೆಪಾಸಿಟರುಗಳಿರುತ್ತವೆ. ಕಾಲಾಂತರದಲ್ಲಿ ಅವುಗಳ ಮೇಲ್ಕವಚ ಬಿರಿದು ತೇವ ಒಳಸೇರುತ್ತದೆ. ಹಲವು ವರ್ಷಗಳ ಮೇಲೆ ಏಕಾಏಕಿ ವಿದ್ಯುತ್ತನ್ನು ಹರಿಸಿದರೆ ಅವು ಸಿಡಿದು, ದುರ್ಗಂಧದ ಹೊಗೆ ಮನೆಯೆಲ್ಲ ತುಂಬುತ್ತದೆ. ನೋಡಿದವರು ಯಂತ್ರವೇ ಸುಟ್ಟಿತೆಂದು ತಿಳಿಯುತ್ತಾರೆ. ಉಸ್ತಾದರು ಮಾರ್ಗದ ವಿದ್ಯುತ್ತಿಗೆಂದೇ ತಯಾರಾದ ಹೊಸ ಕೆಪಾಸಿಟರುಗಳನ್ನು ಹಾಕಿದರು. ಎರಡರ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ.

ಬಳಿಕ ವಿದ್ಯುತ್ ಕೊಟ್ಟಾಗ ಪರದೆ ಕಪ್ಪಾಗಿಯೇ ಉಳಿಯಿತು; ಪೆಟ್ಟಿಗೆಯೊಳಗಿಂದ ಎಡೆಬಿಡದ ಒಂದೇ ಶ್ರುತಿ ಹೊರಟಿತು. ಆರೋಗ್ಯವಂತ ಯಂತ್ರ ಎರಡು ಸ್ವರಗಳನ್ನು ಉಲಿದು ಸುಮ್ಮನಾಗುತ್ತದೆ. ಅದರ ಧ್ವನಿಯ ಚಿಪ್ಪಿಗೆ ಶಕ್ತಿ ದೊರೆತ ಕ್ಷಣವೇ ಅದು ತಾನಾಗಿ ಕೂಗತೊಡಗುತ್ತದೆ, ಸಂಸ್ಕಾರಕ ಎಚ್ಚೆತ್ತು ಮೊದಲಿಗೆ ಅದರ ಬಾಯಿ ಮುಚ್ಚಿಸುತ್ತದೆ. ಕೂಗು ನಿಲ್ಲದಿದ್ದರೆ, ವಿದ್ಯುತ್ತು ತಲುಪಿದೆ, ಆದರೆ ಸಂಸ್ಕಾರಕವು ತನ್ನ ಕಾರ್ಯಕ್ರಮವನ್ನು ಓದುತ್ತಿಲ್ಲ ಎಂದರ್ಥ. ಉಸ್ತಾದರು ಈ ಯಂತ್ರವನ್ನು ಹಿಂದೆ ಕಂಡವರಲ್ಲ. ಆದರೂ ತರ್ಕದಿಂದಲೇ ಇಲ್ಲಿಗೆ ಬಂದು, ಶಾಶ್ವತ ಸ್ಮೃತಿಯ ಚಿಪ್ಪುಗಳನ್ನು ಸಾಕೆಟ್ಟಿನಿಂದ ಒಂದೊಂದಾಗಿ ಎತ್ತಿ, ಕಪ್ಪಡರಿದ ಕಾಲುಗಳನ್ನು ಒರಸಿ ಮತ್ತೆ ಕೂರಿಸಿದರು. ಮೂರನೆಯ ಸಲಕ್ಕೆ ಎರಡು ಸ್ವರಗಳು ಕೇಳಿದವು. ಅಂಗಡಿಯ ಟಿವಿಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಎಂಬ ಸಾಲು, ಅದರ ಕೆಳಗೆ 'ಬೇಸಿಕ್' ಎಂಬ ಪದ ಮೂಡಿತು. ಯಾವುದೋ ಕಡತದಲ್ಲಿ ದುರಸ್ತಿಗೆ ಯೋಗ್ಯವಲ್ಲದ ಯಂತ್ರದ ವ್ಯಾಧಿ ಇದ್ದದ್ದು ಇಷ್ಟೇ: ಎರಡು ಕೆಪಾಸಿಟರು, ಒಂದಿಷ್ಟು ಕಿಲುಬು.

ಮಿತ್ರರೊಬ್ಬರ ಆಕ್ಷೇಪಣೆಯುಂಟು. ಈ ಯಂತ್ರದ ಎಲ್ಲ ಕಾರ್ಯಕ್ರಮಗಳನ್ನೂ ಇಂದಿನ ಮೊಬೈಲಿನಲ್ಲೇ ಅನುಕರಿಸಿ ನಡೆಸಬಹುದು, ಪೆಟ್ಟಿಗೆ ಏಕೆ ಎಂದು. ಮಾತು ನಿಜ. ಮೊಬೈಲಿನ ಸಂಸ್ಕಾರಕದ ಮೂಲಪುರುಷನನ್ನು 1985ರಲ್ಲಿ ರೂಪಿಸಿದವರೂ ಇದೇ ಏಕಾರ್ನಿನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್; ವಂಶಜನು ಪೂರ್ವಜನ ವೇಷ ಹಾಕಿದಂತಾಯಿತು. ಆದರೆ ಅನುಕರಣೆಯಲ್ಲಿ ಕೆಡುವುದಕ್ಕೇನೂ ಇಲ್ಲವಾದುದರಿಂದ ದುರಸ್ತಿಯ ವಿದ್ಯೆಯೂ ಅಲ್ಲಿ ಹುಟ್ಟುವುದಿಲ್ಲ. ಅಂಟು ಹಾಕಿ ಮುಚ್ಚಿದ ಇಂದಿನ ಸಾಧನಗಳಿಂದ ಉಸ್ತಾದರ ಮಗ ಈ ವಿದ್ಯೆಯನ್ನು ಕಲಿಯಲಾರ. ಅವನು ಮೊಬೈಲಿನ ಗಾಜು ಬದಲಿಸುತ್ತಾನೆ, ಅಷ್ಟೇ. 1967ರಲ್ಲಿ ಇಸಿಐಎಲ್ ಹುಟ್ಟಿ, ಟಿಡಿಸಿ-12ರಂಥ ಗಣಕವನ್ನು ದೇಶದಲ್ಲೇ ವಿನ್ಯಾಸಗೊಳಿಸಿ ಕಟ್ಟಿದ ಊರಿನಲ್ಲಿ ಇದು ಸಣ್ಣ ನಷ್ಟವಲ್ಲ.

ಕನ್ನಡಿಗರಾದ ನಮಗೆ ಇನ್ನೊಂದು ಕಾರಣವೂ ಇದೆ. ಈ ಯಂತ್ರದಲ್ಲಿ ಹೊಸ ಅಕ್ಷರಗಳನ್ನು ರಚಿಸಿಕೊಳ್ಳಲು 'ವಿಡಿಯು 23' ಎಂಬ ಆಜ್ಞೆಯುಂಟು. ಒಂದು ಅಕ್ಷರಕ್ಕೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಪ್ರತಿ ಸಾಲಿಗೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ರಂಗೋಲಿಯ ಚುಕ್ಕಿ ಎಣಿಸಬಲ್ಲ ಮಗು ಇದನ್ನು ಮಾಡಬಲ್ಲದು. 'ಕ' ಹೇಗೋ ಹಿಡಿಸುತ್ತದೆ. 'ರಾಷ್ಟ್ರ' ಎಂದು ಬರೆಯಹೋದರೆ ಒತ್ತುಗಳಿಗೆ ಕೆಳಗೆ ಇನ್ನೊಂದು ಮನೆ ಬೇಕು. ಅಲ್ಲದೆ, ಬೇರೆ ಏರ್ಪಾಡಿಲ್ಲದೆ ಹೀಗೆ ರಚಿಸಬಹುದಾದ ಅಕ್ಷರಗಳು 32 ಮಾತ್ರ. ನಮ್ಮ ವರ್ಣಗಳೇ 49, ಕಾಗುಣಿತ ಬೇರೆ. ಗಣಕಕ್ಕೆ ಕನ್ನಡ ತಡವಾಗಿ ಬಂದುದರ ಕಾರಣವನ್ನು ಯಾವ ಉಪನ್ಯಾಸವೂ ಇಷ್ಟು ಸ್ಪಷ್ಟವಾಗಿ ತಿಳಿಸಲಾರದು. ಕೆ. ಪಿ. ರಾವ್ ಅವರಂಥವರು ಕೀಲಿಮಣೆಗೂ ಅಕ್ಷರವಿನ್ಯಾಸಕ್ಕೂ ಪಟ್ಟ ಶ್ರಮ ಎಂಥದೆಂದು ನಮ್ಮ ಮಕ್ಕಳು ಅರಿಯಬೇಕಾದರೆ ಈ 64 ಚುಕ್ಕಿಗಳೊಡನೆ ಒಂದು ಮಧ್ಯಾಹ್ನ ಕಳೆಯಲಿ.

1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು, ಗಣಕವು ಉತ್ಪಾದಿಸಿದ ಸಾಮಗ್ರಿಯನ್ನೂ ದಾಖಲೆಯೆಂದು ಪರಿಗಣಿಸುತ್ತದೆ. ಅದನ್ನು ಓದಬಲ್ಲ ಯಂತ್ರವಾದರೋ 217ನೆಯ ನಿಯಮದ ಪಾಲು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ವಸ್ತುವನ್ನು ಸರಿಪಡಿಸಿ ಮರುಬಳಕೆಗೆ ತರುವವರಿಗೂ ಸ್ಥಾನವಿದೆಯೆಂಬುದು ಸಂತೋಷದ ವಿಷಯ. ಆದರೆ ನನ್ನ ಅಭಿಪ್ರಾಯದಲ್ಲಿ ವಿಲೇವಾರಿ ಪಟ್ಟಿಯಲ್ಲಿ ಇನ್ನೆರಡು ಅಂಕಣಗಳು ಅಗತ್ಯ: 'ದೋಷವೇನು?' ಮತ್ತು 'ಪರೀಕ್ಷಿಸಿದವರು ಯಾರು?' ಇದಕ್ಕೆ ಕಾಯಿದೆಯ ತಿದ್ದುಪಡಿ ಬೇಕಿಲ್ಲ, ಇಲಾಖೆಯ ಮುಖ್ಯಸ್ಥರ ಒಂದು ಸುತ್ತೋಲೆ ಸಾಕು.

ಹೊರನಾಡಿನ ಸಂಘಗಳ ಸ್ಥಿತಿ ಇದಕ್ಕಿಂತ ಮೇಲೆಂದು ಹೇಳಲಾರೆ. 1990ರ ದಶಕದಲ್ಲಿ ಗಣಕದಲ್ಲಿ ಅಚ್ಚುಜೋಡಿಸಿದ ಸ್ಮರಣಸಂಚಿಕೆಗಳು, ಸದಸ್ಯರ ಪಟ್ಟಿಗಳು, ನಾಟಕಗಳ ಹಸ್ತಪ್ರತಿಗಳು ಫ್ಲಾಪಿಗಳಲ್ಲಿ ಕೊಳೆಯುತ್ತಿವೆ. ಫ್ಲಾಪಿ ಓದಿದರೂ ಅಂದಿನ ಫಾಂಟುಗಳ ಸಂಕೇತ ಇಂದಿನ ಯೂನಿಕೋಡಿಗೆ ಹೊಂದದು. ಪರದೆಯ ಮೇಲೆ ಮೂಡುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೆ ರಾಜಧಾನಿಯಾಗಿದ್ದ ಈ ನಗರದಲ್ಲಿ ಕನ್ನಡಿಗರು ನಡೆಸಿದ ಬಾಳಿನ ದಾಖಲೆಯನ್ನು ಬೇರೆ ಯಾರು ಕಾಪಾಡಿಯಾರು?

ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲೋ, ನಮ್ಮ ಕನ್ನಡ ಶಾಲೆಯಲ್ಲೋ ಒಂದು ಮೇಜು, ಒಂದು ಬೆಸುಗೆ ಕಡ್ಡಿ, ತಿಂಗಳಿಗೊಂದು ಭಾನುವಾರ ಉಸ್ತಾದರಿಗೆ ಗೌರವಧನ, ಇಷ್ಟು ಏರ್ಪಾಟಾದರೆ ಕೆಲಸ ಆರಂಭಿಸಬಹುದು. ನನ್ನ ಯಂತ್ರವನ್ನು ಮೊದಲಿಗೆ ಕೊಡುತ್ತೇನೆ. ಅದರ ಎರಡು ಕೀಲಿಗಳು ಇನ್ನೂ ಮಾತು ಕೇಳುತ್ತಿಲ್ಲ. ಹಳೆಯ ಬಿಬಿಸಿ ಮೈಕ್ರೋ ಅಥವಾ ಯೂನಿಕಾರ್ನಿನ ಕೀಲಿಮಣೆ ಯಾರ ಅಟ್ಟದ ಮೇಲಾದರೂ ಇದ್ದರೆ, ಗುಜರಿಯವನಿಗೆ ಹಾಕದೆ ಸಂಘದ ಕಾರ್ಯದರ್ಶಿಗಳಿಗೆ ತಲುಪಿಸಬೇಕೆಂದು ವಿನಂತಿ.