ಝೋರೋ ಹೇಳಿದ್ದು ಸರಿ, ನಾವು ಮಾಡಿದ್ದು ತಪ್ಪು

ನಮ್ಮ ಹಾಸ್ಟೆಲಿನಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ನಾನು ಸಿಂಧನೂರು, ಎದುರಿನ ಮಂಚದವ ಲಿಂಗಸುಗೂರು, ಕಿಟಕಿ ಪಕ್ಕದವ ಮಸ್ಕಿ. ಮೂರೂ ಒಂದೇ ಬಸ್ಸಿನ ದಾರಿಯ ಊರುಗಳು. ರಜೆಗೆ ಹೊರಟರೆ ಮೊದಲು ನಾನು ಇಳಿಯಬೇಕು, ಆಮೇಲೆ ಮಸ್ಕಿ, ಕೊನೆಗೆ ಲಿಂಗಸುಗೂರು. ಆ ಬಸ್ಸಿನಲ್ಲೇ ಮಸ್ಕಿ ನಮ್ಮಿಬ್ಬರಿಗೂ 'ಒನ್ ಪೀಸ್' ಹುಚ್ಚು ಹಚ್ಚಿದ್ದು. "ಬರೇ ಹೊಡದಾಟ ಅಂದ್ಕೊಬ್ಯಾಡಲೇ, ಓದು" ಅಂತ ಫೋನು ಕೈಗಿಟ್ಟ. ಸಿಂಧನೂರು ಬಸ್‌ಸ್ಟ್ಯಾಂಡ್ ಬಂದದ್ದು ನನಗೆ ಗೊತ್ತಾಗಲಿಲ್ಲ, ಕಂಡಕ್ಟರ್ ಬೈದ ಮೇಲೆ ಇಳಿದೆ.

ಐಯಿಚಿರೋ ಓಡಾ ಈ ಮಾಂಗಾ ಶುರು ಮಾಡಿದ್ದು 1997ರ ಜುಲೈನಲ್ಲಿ. ಅಂದರೆ ನಾವು ಯಾರೂ ಹುಟ್ಟುವುದಕ್ಕಿಂತ ಮೊದಲು. ನೂರಕ್ಕೂ ಹೆಚ್ಚು ಸಂಪುಟ ಬಂದರೂ ಲೂಫಿಗೆ ಇನ್ನೂ ನಿಧಿ ಸಿಕ್ಕಿಲ್ಲ, ನನಗೆ ಅದರ ಚಿಂತೆಯೂ ಇಲ್ಲ. ಅದರಲ್ಲಿ ನಾನು ಹುಡುಕುವುದು ಆ ಹಡಗಿನ ಮಂದಿಯನ್ನು. ಜಪಾನಿಯಲ್ಲಿ ಅವರು ಒಬ್ಬರನ್ನೊಬ್ಬರು 'ನಕಾಮಾ' ಅನ್ನುತ್ತಾರೆ. ಇಂಗ್ಲಿಷಿಗೆ ಅದನ್ನು ತರಲು ಬಹಳ ಜನ ಒದ್ದಾಡಿದ್ದಾರೆ. ನಮ್ಮ ಕಡೆ ಆ ಕಷ್ಟ ಇಲ್ಲ, 'ನಮ್ ಮಂದಿ' ಅಂದರೆ ಮುಗೀತು.

ಎಲ್ಲರೂ ಹೇಳುವ ಮಾತು ಒಂದಿದೆ: ಒನ್ ಪೀಸ್ ದೋಸ್ತಿಯ ಕಥೆ, ಅಲ್ಲಿ ಎಲ್ಲರೂ ಎಲ್ಲರಿಗಾಗಿ ಜೀವ ಕೊಡುತ್ತಾರೆ. ನನಗೆ ಇದು ಅರ್ಧ ಸತ್ಯ ಅನಿಸುತ್ತದೆ. ಜೀವ ಕೊಡೋದು ಕಥೆಯಲ್ಲಿ ಸುಲಭ. ಓಡಾ ನಿಜವಾಗಿ ಕಷ್ಟಪಟ್ಟು ಬರೆದದ್ದು ಬಿಟ್ಟುಹೋಗುವವರ ಬಗ್ಗೆ. ರಾಬಿನ್ ಬಿಟ್ಟುಹೋದಳು, ಉಸೋಪ್ ಬಿಟ್ಟುಹೋದ, ಎಷ್ಟೋ ವರ್ಷದ ಮೇಲೆ ಸಾಂಜಿಯೂ ಹೋದ. ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ ಅನ್ನುವುದೇ ಈ ಮಾಂಗಾದ ದೊಡ್ಡತನ.

ರಾಬಿನ್ ವಿಷಯದಲ್ಲಿ ನಮ್ಮ ಮಸ್ಕಿಗೆ ವಿಶೇಷ ಅಭಿಮಾನ. ಆಕೆ ಒಡೆಯಲಾಗದ ಕಲ್ಲುಗಳ ಮೇಲಿನ ಹಳೆಯ ಬರಹ ಓದಬಲ್ಲವಳು, ಅದೊಂದೇ ಕಾರಣಕ್ಕೆ ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಸರ್ಕಾರ ಆಕೆಯ ಬೆನ್ನು ಹತ್ತಿದೆ. "ನಮ್ಮೂರಾಗೂ ಐತಲೇ ಅಂಥಾ ಕಲ್ಲು" ಅಂತ ಅವನ ಜಂಬ. ಇರೋದು ನಿಜ. ಅಶೋಕ ಅನ್ನುವ ಹೆಸರೇ ಕೆತ್ತಿರುವ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವನು ಬೀಡನ್, ಚಿನ್ನದ ಗಣಿಯ ಇಂಜಿನಿಯರು. ಅದಕ್ಕೂ ಮುಂಚೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಯಾರು ಅನ್ನುವ ಪ್ರಶ್ನೆಗೆ ಗಟ್ಟಿ ಉತ್ತರ ಈ ಕಲ್ಲಿನಲ್ಲಿತ್ತು. (ಇಂಜಿನಿಯರುಗಳಿಗೆ ಇತಿಹಾಸ ಯಾಕೆ ಅನ್ನುವ ನಮ್ಮ ಕ್ಲಾಸಿನವರು ಇಲ್ಲಿ ಸ್ವಲ್ಪ ಗಮನ ಕೊಡಬೇಕು.)

ತನ್ನಿಂದ ಇವರಿಗೆಲ್ಲ ಕುತ್ತು ಅಂತ ರಾಬಿನ್ ಸುಮ್ಮನೆ ಶತ್ರುವಿನ ಕಡೆ ಹೋಗುತ್ತಾಳೆ. ಲೂಫಿ ಆಕೆಯ ಕ್ಷಮೆ ಕೇಳಲಿಲ್ಲ, ಕಾರಣ ಕೇಳಲಿಲ್ಲ. ತಾನು ಬದುಕಬೇಕು ಅಂತ ಆಕೆಯೇ ಬಾಯಿಬಿಟ್ಟು ಹೇಳಲಿ ಅಂತಷ್ಟೇ ಪಟ್ಟು ಹಿಡಿದ. ಅದಕ್ಕೂ ಮೊದಲೇ ಸರ್ಕಾರದ ಬಾವುಟ ಸುಡಿಸಿದ. ಓದುವಾಗ ನನಗೆ ಕಂಪಿಲರಾಯ ನೆನಪಾದ, ನಮ್ಮ ಕುಮಾರರಾಮನ ಅಪ್ಪ. ದೆಹಲಿ ಸುಲ್ತಾನನ ವಿರುದ್ಧ ದಂಗೆ ಎದ್ದ ಬಹಾಉದ್ದೀನ್ ಗುರ್ಷಾಸ್ಪ್‌ಗೆ ಆಶ್ರಯ ಕೊಟ್ಟು, 1327ರ ಸುಮಾರಿಗೆ ರಾಜ್ಯವನ್ನೂ ಜೀವವನ್ನೂ ಕಳಕೊಂಡವನು. ಅದೇ ಮನುಷ್ಯ ಅಲ್ಲಿಂದ ಹೊಯ್ಸಳ ಬಲ್ಲಾಳನ ಹತ್ತಿರ ಹೋದಾಗ ಬಲ್ಲಾಳ ಅವನನ್ನು ಸುಲ್ತಾನನ ಕಡೆಯವರಿಗೆ ಒಪ್ಪಿಸಿದ. ಬಲ್ಲಾಳ ಮಾಡಿದ್ದು ಲೆಕ್ಕಾಚಾರಕ್ಕೆ ಸರಿಯೇ ಇರಬಹುದು. ನಮ್ಮ ಕಡೆ ಜನ ಹಾಡು ಕಟ್ಟಿದ್ದು ಮಾತ್ರ ಕುಮಾರರಾಮನ ಮೇಲೆ.

ಈಗ ಉಸೋಪ್. ಇಲ್ಲಿ ಜಗಳ ಹುಟ್ಟಿದ್ದು ಹಡಗಿನ ತಪಾಸಣೆಯಿಂದ. ಗೋಯಿಂಗ್ ಮೆರ್ರಿಯ ತಳದ ಬೆನ್ನೆಲುಬು ಮುರಿದಿದೆ, ರಿಪೇರಿ ಆಗಲ್ಲ ಅಂತ ಹಡಗು ಕಟ್ಟುವವರು ಹೇಳಿಬಿಟ್ಟರು. ಲೂಫಿ ಹೊಸ ಹಡಗು ತರೋಣ ಅಂದ. ಉಸೋಪ್ ಕೆರಳಿದ. ಮೇಲೆ ನೋಡಿದರೆ ಅದು ಹಡಗಿನ ಮೇಲಿನ ಪ್ರೀತಿ, ಒಳಗೆ ಇದ್ದದ್ದು ಹೆದರಿಕೆ: ಕೆಲಸಕ್ಕೆ ಬಾರದ್ದನ್ನು ಬಿಟ್ಟು ಮುಂದೆ ಹೋಗುವುದಾದರೆ, ನಾಳೆ ಬಿಡೋದು ನನ್ನನ್ನೇ. ಅವರಲ್ಲಿ ಅವನಷ್ಟು ಸಾಮಾನ್ಯ ಮನುಷ್ಯ ಇನ್ನೊಬ್ಬನಿಲ್ಲ. ಕ್ಯಾಪ್ಟನ್ ಜೊತೆ ಕಾದಾಡಿ, ಸೋತು, ಹೊರಗೆ ನಡೆದ. ಆಮೇಲೆ ರಾಬಿನ್‌ಗಾಗಿ ಆ ಬಾವುಟಕ್ಕೆ ಬೆಂಕಿ ಹಚ್ಚಿದ್ದೂ ಮುಖವಾಡ ಹಾಕಿಕೊಂಡ ಇವನೇ.

ಎಲ್ಲ ಮುಗಿದ ಮೇಲೆ ಏನೂ ಆಗಿಲ್ಲ ಅನ್ನೋಹಾಗೆ ವಾಪಸ್ ಬರುವುದು ಹೇಗೆ ಅಂತ ಒಬ್ಬನೇ ನಿಂತು ಪ್ರಾಕ್ಟೀಸ್ ಮಾಡುತ್ತಾನೆ. ಲೂಫಿ ಕರೆತರಲು ಓಡಹೊರಟಾಗ ಝೋರೋ ತಡೆದ. ಅವನು ತಲೆಬಾಗಿ ಕ್ಷಮೆ ಕೇಳದೆ ಹಡಗು ಹತ್ತುವ ಹಾಗಿಲ್ಲ, ಹತ್ತಿಸಿಕೊಂಡರೆ ಈ ಸಲ ಬಿಟ್ಟುಹೋಗುವವ ನಾನು ಅಂದ.

ಇದನ್ನು ಓದಿ ನಾವು ಮೂವರೂ ರಾತ್ರಿ ಎರಡರವರೆಗೆ ಜಗಳಾಡಿದ್ದೇವೆ. ನಾನು, ಲಿಂಗಸುಗೂರು ಝೋರೋ ಪಕ್ಷ. ಮಸ್ಕಿ ಮಾತ್ರ, "ಆ ಟೈಮಿನ್ಯಾಗ ಅವಂಗ ಬಾಯಿ ಬರಂಗಿಲ್ಲಲೇ" ಅಂದಿದ್ದ. ಆಗ ಅದು ನಮಗೆ ತಲೆಗೆ ಹೋಗಲಿಲ್ಲ.

ನಾಲ್ಕನೇ ಸೆಮಿಸ್ಟರ್ ಮುಗಿದಾಗ ಮಸ್ಕಿಗೆ ಇಯರ್ ಬ್ಯಾಕ್ ಆಯಿತು. ಯಾರಿಗೂ ಹೇಳದೆ ಊರಿಗೆ ಹೋದ. ಫೋನ್ ಎತ್ತಲಿಲ್ಲ, ಗ್ರೂಪಿನಿಂದ ಹೊರಬಿದ್ದ. ಎರಡು ತಿಂಗಳು ಬಿಟ್ಟು ಸರ್ಟಿಫಿಕೇಟ್ ಒಯ್ಯಲು ಬಂದವನು ನೇರ ರೂಮಿಗೆ ಬಂದು ತನ್ನ ಹಳೆಯ ಮಂಚದ ಮೇಲೆ ಕೂತ. "ಹೊಸ ಚಾಪ್ಟರ್ ಓದಿದ್ರೇನಲೇ" ಅಂದ. ಅಷ್ಟೇ. ಲಿಂಗಸುಗೂರು ಸಿಟ್ಟಿನಿಂದ, "ಮೊದಲ ತಪ್ಪಾತು ಅನ್ನು, ಆಮ್ಯಾಲ ಚಾಪ್ಟರ್" ಅಂದ. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೇ ನನ್ನ ಓಟು. ಅವನು ಬ್ಯಾಗು ಎತ್ತಿಕೊಂಡು ಹೋದ. ಅವತ್ತು ರಾತ್ರಿ ನಾವಿಬ್ಬರೂ, ಝೋರೋ ಮಾಡಿದಂಗ ಮಾಡಿದ್ವಿ ಅಂತ ಹೆಮ್ಮೆಪಟ್ಟದ್ದೂ ಉಂಟು.

ಮೊನ್ನೆ ಆ ಭಾಗ ಮತ್ತೆ ಓದಿದೆ. ಝೋರೋ ಮಾತು ಈಗಲೂ ಸರಿ ಅನಿಸಿತು, ಕ್ಯಾಪ್ಟನ್‌ಗೆ ಬೆಲೆ ಇಲ್ಲದ ಹಡಗು ಮುಳುಗುತ್ತದೆ. ಆದರೆ ನಾವು ಓದುವಾಗ ಬಿಟ್ಟದ್ದು ಮುಂದಿನ ಪುಟ. ಉಸೋಪ್ ದಂಡೆಯಲ್ಲಿ ಅಳುತ್ತ ತಪ್ಪೊಪ್ಪಿದ ತಕ್ಷಣ ಲೂಫಿಯ ಕೈ ಹಡಗಿನಿಂದ ಅಲ್ಲಿವರೆಗೆ ಚಾಚುತ್ತದೆ, ಅವನೂ ಅಳುತ್ತಿದ್ದಾನೆ. ಷರತ್ತು ಹಾಕುವವನೊಬ್ಬ, ಕೈ ಚಾಚಲು ಕಾದು ನಿಂತವನೊಬ್ಬ, ಇಬ್ಬರೂ ಇದ್ದದ್ದಕ್ಕೆ ಅದು ನಡೀತು. ನಮ್ಮ ರೂಮಿನಲ್ಲಿ ಇಬ್ಬರೂ ಝೋರೋ ಆಗಿಬಿಟ್ಟಿದ್ದೆವು. ಅದೂ ಅಲ್ಲದೆ ಉಸೋಪ್ ಕ್ಯಾಪ್ಟನ್ ಮೇಲೆ ಕೈ ಎತ್ತಿದ್ದ, ಮಸ್ಕಿ ಯಾರ ಮೇಲೆ ಕೈ ಎತ್ತಿದ್ದ? ಅವನದು ಸಾಂಜಿಯ ಹಾಗೆ ಹೇಳಿಕೊಳ್ಳಲಾಗದ ಮನೆಯ ವಿಷಯ ಇದ್ದಿರಬಹುದು. ಸಾಂಜಿ ಒದ್ದು ಹಲ್ಲು ಮುರಿದರೂ ಲೂಫಿ ತಿರುಗಿ ಹೊಡೆಯಲಿಲ್ಲ, ನೀನು ಅಡಿಗೆ ಮಾಡಿ ತರೋತನಕ ಉಣ್ಣಲ್ಲ ಅಂತ ಅಲ್ಲೇ ಕೂತ.

ಒಂದು ತಕರಾರು ಹೇಳಿಬಿಡುತ್ತೇನೆ. ಕಥೆಯಲ್ಲಿ ಎರಡು ವರ್ಷದ ಅಂತರ ಆದ ಮೇಲೆ, ಸಾಂಜಿಯ ಆ ಭಾಗ ಬಿಟ್ಟರೆ, ಈ ಮಂದಿ ತಮ್ಮೊಳಗೆ ಜಗಳಾಡುವುದೇ ಕಡಿಮೆಯಾಗಿದೆ. ಹೊಸ ದ್ವೀಪ, ಹೊಸ ಪಾತ್ರ ನೂರಾರು ಬರುತ್ತವೆ, ಹಡಗಿನ ಒಳಗಿನ ಮಾತು ತೆಳುವಾಗಿದೆ. ಹಳೆಯ ಓದುಗರು ಇಷ್ಟಾದರೂ ಬಿಡದೆ ಇರುವುದು ಆ ಹಳೆ ಜಗಳಗಳ ಋಣದಿಂದ ಅಂತ ನನ್ನ ಅನಿಸಿಕೆ.

ಈ ಸಲ ರಜೆಗೆ ಹೋಗುವಾಗ ನಾನು ಸಿಂಧನೂರಿನಲ್ಲಿ ಇಳಿಯಲಿಲ್ಲ. ಟಿಕೆಟ್ ಮಸ್ಕಿಗೇ ತಗೊಂಡಿದ್ದೆ. ಬರ್ತೀನಿ ಅಂತ ಮೆಸೇಜ್ ಹಾಕಿದ್ದೆ, ಎರಡು ಟಿಕ್ ಬಿದ್ದಿತ್ತು, ಉತ್ತರ ಇರಲಿಲ್ಲ. ಬಸ್ ನಿಂತಾಗ ಅವನು ಬೈಕ್ ಹತ್ತಿರ ನಿಂತಿದ್ದ.

"ಏನಲೇ, ನಿದ್ದಿ ಹತ್ತಿ ಮುಂದ ಬಂದೇನು?" ಅಂದ.

ಹೌದಲೇ ಅಂದೆ. ಎದುರಿನ ಗಾಡಿಯಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಗೊಂಡೆವು, ರೊಕ್ಕ ಅವನೇ ಕೊಟ್ಟ. ತಪ್ಪಾತು ಅಂತ ನಾನು ಹೇಳಬೇಕು ಅಂತ ಬಂದದ್ದು ನಾಲ್ಕನೇ ಮಿರ್ಚಿಗೆ ಬಾಯಿಂದ ಬಂತು. ಅವನು ತಿನ್ನುತ್ತಲೇ, "ಲಿಂಗಸುಗೂರಂದು ಬಾಕಿ ಐತಿ, ಅವಂಗೂ ಬರಾಕ ಹೇಳು" ಅಂದ.