ಹೈಬ್ರಿಡ್ ಕಾರು: ಉಳಿತಾಯವೆಷ್ಟು, ಬಡ್ಡಿಯೆಷ್ಟು?

ತ್ಯಾವಣಿಗೆಯ ಅಡಿಕೆ ವರ್ತಕರಾಗಲಿ, ಚನ್ನಗಿರಿಯ ಸಣ್ಣ ಉದ್ಯಮಿಗಳಾಗಲಿ ಹೊಸ ಕಾರು ವಿಚಾರಿಸಲು ದಾವಣಗೆರೆಗೆ ಹೋದರೆ ಹೈಬ್ರಿಡ್ ಕಾರಿನ ಮೈಲೇಜಿನ ಮಾತು ಕಿವಿಗೆ ಬೀಳದಿರದು. ಮಾತು ಸುಳ್ಳಲ್ಲ. ಆದರೆ ಮೈಲೇಜು ಬೇರೆ, ಲಾಭ ಬೇರೆ.

ಬಿಡದಿಯಲ್ಲಿ ತಯಾರಾಗುವ, 2022ರ ಕೊನೆಯಲ್ಲಿ ಪರಿಚಯಿಸಲಾದ ಟೊಯೋಟಾ ಇನ್ನೋವಾ ಹೈಕ್ರಾಸ್ ಎರಡೂ ಬಗೆಯಲ್ಲಿ ದೊರೆಯುವುದರಿಂದ ಹೋಲಿಕೆಗೆ ಅನುಕೂಲ. ಪ್ರಮಾಣೀಕೃತ ಅಂಕಿಗಳಂತೆ ಪೆಟ್ರೋಲ್ ಮಾದರಿ ಲೀಟರಿಗೆ 16.13 ಕಿ.ಮೀ., ಹೈಬ್ರಿಡ್ 23.24 ಕಿ.ಮೀ. ಓಡುತ್ತದೆ. ಏಳು ಕಿಲೋಮೀಟರಿನ ಈ ಅಂತರ ದೊಡ್ಡದಾಗಿಯೇ ಕಾಣುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ನೂರು ಕಿ.ಮೀ. ಪ್ರಯಾಣಕ್ಕೆ ಮೊದಲನೆಯದಕ್ಕೆ 6.20 ಲೀಟರ್, ಎರಡನೆಯದಕ್ಕೆ 4.30 ಲೀಟರ್, ಉಳಿಯುವುದು 1.90 ಲೀಟರ್ ಮಾತ್ರ.

ವರ್ಷಕ್ಕೆ 15,000 ಕಿ.ಮೀ. ಓಡಿಸುವವರಿಗೆ ಉಳಿತಾಯ ಸುಮಾರು 285 ಲೀಟರ್. ಲೆಕ್ಕದ ಅನುಕೂಲಕ್ಕೆ ಲೀಟರಿಗೆ ನೂರು ರೂಪಾಯಿ ಹಿಡಿದರೆ 28,500 ರೂ. ಹೈಬ್ರಿಡ್ ಮಾದರಿಗೆ ತೆರಬೇಕಾದ ಹೆಚ್ಚುವರಿ ಬೆಲೆ 5 ಲಕ್ಷ ಎಂದಿಟ್ಟುಕೊಂಡರೆ, ಶೇ. 9ರ ದರದಲ್ಲಿ ಅದರ ಮೊದಲ ವರ್ಷದ ಬಡ್ಡಿಯೇ 45,000 ರೂ. ಅಸಲಿನ ಮಾತು ಹಾಗಿರಲಿ, ಬಡ್ಡಿಯೇ ತೀರುವುದಿಲ್ಲ. (ಹೆಚ್ಚುವರಿ ಬೆಲೆಯಲ್ಲಿ ಐಷಾರಾಮಿ ಸೌಲಭ್ಯಗಳ ಪಾಲೂ ಇರುತ್ತದೆಂಬುದು ನಿಜ, ಆದರೆ ಅವುಗಳನ್ನು ಇಂಧನದ ಖಾತೆಗೆ ಜಮಾ ಮಾಡುವಂತಿಲ್ಲ.)

ಹಾಗೆಂದು ಹೈಬ್ರಿಡ್ ಎಲ್ಲೆಡೆ ನಷ್ಟದ ಬಾಬಲ್ಲ. ಪ್ರಮಾಣೀಕೃತ ಅಂಕಿ ಬರುವುದು ಪ್ರಯೋಗಾಲಯದ ಉರುಳೆಗಳ ಮೇಲೆ, ಏಸಿ ಹಾಕದೆ ನಡೆಸಿದ ಪರೀಕ್ಷೆಯಿಂದ. ನಿತ್ಯದ ಓಡಾಟದಲ್ಲಿ ಎರಡೂ ಕಾರುಗಳ ಅಂಕಿ ಇಳಿಯುತ್ತದೆ. ಎಷ್ಟು ಇಳಿಯುತ್ತದೆಂಬುದನ್ನು ನಿರ್ಧರಿಸುವುದು ರಸ್ತೆ. ಬೆಂಗಳೂರಿನ ದಟ್ಟಣೆಯಲ್ಲಿ ಪೆಟ್ರೋಲ್ ಕಾರು ನಿಂತಲ್ಲೇ ಇಂಧನ ಸುಡುತ್ತದೆ. ಹೈಬ್ರಿಡ್‌ನ ಎಂಜಿನ್ ಬಹುಪಾಲು ಆಗ ಸ್ತಬ್ಧವಾಗಿರುತ್ತದೆ. ಬ್ರೇಕಿನಲ್ಲಿ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು ಅದರಿಂದಲೇ ಮತ್ತೆ ಹೊರಡುತ್ತದೆ. ಅಲ್ಲಿ ಒಂದು ಕಾರು 9, ಇನ್ನೊಂದು 17 ಕಿ.ಮೀ. ಕೊಟ್ಟಿತೆಂದು ಭಾವಿಸಿದರೆ, ಅದೇ 15,000 ಕಿ.ಮೀ.ಗೆ ಉಳಿತಾಯ 78,000 ರೂ. ದಾಟುತ್ತದೆ. ತ್ಯಾವಣಿಗೆಯಿಂದ ಪೇಟೆಗೆ ಒಂದೇ ವೇಗದಲ್ಲಿ ಹೋಗಿಬರುವವರಿಗೆ ಈ ಭಾಗ್ಯವಿಲ್ಲ. ಊರೂರಿನ ರಸ್ತೆ ಉಬ್ಬುಗಳಿಂದ ಬ್ಯಾಟರಿಗೆ ಕೊಂಚ ಶಕ್ತಿ ದಕ್ಕೀತು. ಅದನ್ನು ನಂಬಿ ಐದು ಲಕ್ಷ ಹೂಡುವುದು ವ್ಯಾಪಾರವಲ್ಲ.

ತೆರಿಗೆಯಿಂದಲೂ ಹೆಚ್ಚಿನ ಆಸರೆಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ಈ ಎರಡೂ ಮಾದರಿಗಳಿಗೆ ಶೇ. 40ರ ಜಿಎಸ್‌ಟಿ, ಹೈಬ್ರಿಡ್‌ಗೆ ಹಿಂದಿದ್ದ ದರದ ಅನುಕೂಲ ಈಗ ಹೋಗಿದೆ. ಸಾಮಾನ್ಯ ವರ್ತಕರಿಗೆ ಕಾರಿನ ಮೇಲಿನ ಹೂಡುವಳಿ ತೆರಿಗೆ ಜಮೆಯೂ ಸಿಗದು. ಶೇ. 15ರ ಸವಕಳಿ ಎರಡಕ್ಕೂ ಸಮಾನ.

ಕೊಳ್ಳುವ ಮೊದಲು ಈಗಿರುವ ಕಾರಿನ ಟ್ಯಾಂಕನ್ನು ಪೂರ್ತಿ ತುಂಬಿಸಿ, ಮೀಟರಿನ ಅಂಕಿ ಬರೆದುಕೊಂಡು, ಐನೂರು ಕಿ.ಮೀ. ನಿತ್ಯದಂತೆ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ನೋಡಬೇಕು. ಪ್ರಮಾಣೀಕೃತ ಅಂಕಿಗೆ ಹತ್ತಿರದ ಫಲ ಬಂದರೆ ಆ ರಸ್ತೆಯಲ್ಲಿ ಹೈಬ್ರಿಡ್ ಉಳಿಸುವುದು ಅತ್ಯಲ್ಪ. ಅರ್ಧಕ್ಕೆ ಕುಸಿದಿದ್ದರೆ ಮಾತ್ರ ಮಳಿಗೆಯವರೊಡನೆ ಮಾತು ಮುಂದುವರಿಸಬಹುದು.