ಮರಕ್ಕೆ ಕಾನೂನಿದೆ, ಮರ ಏರುವವನಿಗೆ?

ಯುಗಾದಿ ಕಳೆದು ಅಡ್ಡಮಳೆಯ ದಿನಗಳು ಸಮೀಪಿಸಿದವೆಂದರೆ ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಯಂತ್ರಗರಗಸದ ಸದ್ದು ಕೇಳತೊಡಗುತ್ತದೆ. ತಂತಿಗೆ ತಾಗುವ ಕೊಂಬೆಗಳನ್ನು ಹೆಸ್ಕಾಂ ಕಡಿಸುತ್ತದೆ. ರಸ್ತೆಗೆ ವಾಲಿದ ಮರಗಳನ್ನು ಪಾಲಿಕೆ ತೆಗೆಸುತ್ತದೆ. ಛಾವಣಿಯ ಮೇಲೆ ಚಾಚಿದ ಟೊಂಗೆಗಳ ಚಿಂತೆ ಮನೆಯವರಿಗೆ. ಮರ ಉಳಿಯಬೇಕೇ, ಉರುಳಬೇಕೇ ಎಂಬ ವಾದ ಪ್ರತಿವರ್ಷವೂ ನಡೆಯುತ್ತದೆ. ಅವಳಿ ನಗರದ ನಡುವೆ ಬಿಆರ್‌ಟಿಎಸ್ ರಸ್ತೆಗಾಗಿ ಸಾಲುಮರಗಳು ಉರುಳಿದಾಗಲಂತೂ ಅದು ಬಿಸಿಯೇರಿತ್ತು. ಇಂತಹ ವಾದಗಳು ಅಗತ್ಯವೇ. ಆದರೆ ಆ ಮರದ ತುದಿಯಲ್ಲಿ ಸೊಂಟಕ್ಕೊಂದು ಹಗ್ಗ ಬಿಗಿದುಕೊಂಡು ನಿಂತವನ ವಿಷಯ ಎರಡೂ ಪಕ್ಷಗಳ ವಾದದಲ್ಲಿ ಬರುವುದಿಲ್ಲ.

ನಮ್ಮ ಕಾನೂನಿನಲ್ಲಿಯೂ ಇದೇ ಮೌನವಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅದರ ಉದ್ದೇಶದ ಮಟ್ಟಿಗೆ ಒಳ್ಳೆಯ ಕಾಯ್ದೆ. ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂತಹ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಕಡಿದ ಮರಕ್ಕೆ ಬದಲಾಗಿ ಸಸಿ ನೆಡಬೇಕೆಂಬ ಷರತ್ತನ್ನೂ ಅದು ವಿಧಿಸಬಲ್ಲದು. ಸರ್ಕಾರಿ ಸೇವೆಯಲ್ಲಿದ್ದಾಗ ಇಂತಹ ಅನುಮತಿಯ ಕಡತಗಳು ನನ್ನ ಮೇಜಿನ ಮೇಲೂ ಹಾದು ಹೋಗಿವೆ. ಮರದ ಜಾತಿ, ಸುತ್ತಳತೆ, ಎತ್ತರ, ಕಡಿಯಲು ಕಾರಣ, ಕಟ್ಟಿಗೆಯ ಅಂದಾಜು ಬೆಲೆ ಎಲ್ಲಕ್ಕೂ ಅವುಗಳಲ್ಲಿ ಜಾಗವಿರುತ್ತಿತ್ತು. ಕಡಿಯುವವನು ಯಾರು, ಅವನಿಗೆ ಆ ಕೆಲಸ ಗೊತ್ತೇ, ಬಿದ್ದರೆ ಹೊಣೆ ಯಾರದು ಎಂಬ ಕಾಲಂ ಮಾತ್ರ ಎಲ್ಲಿಯೂ ಕಂಡದ್ದಿಲ್ಲ.

ಆ ಕೆಲಸ ಎಂಥದೆಂಬುದನ್ನು ಸ್ವಲ್ಪ ಸಮೀಪದಿಂದ ನೋಡೋಣ. ನಾಲ್ಕೈದು ಜನರ ಒಂದು ತಂಡ. ಒಬ್ಬ ಏರುವವನು, ಒಬ್ಬ ಹಗ್ಗ ಹಿಡಿಯುವವನು, ಉಳಿದವರು ಕೆಳಗೆ ಬಿದ್ದದ್ದನ್ನು ತುಂಡು ಮಾಡಿ ಟಂಟಂಗೆ ಹೇರುವವರು. ಒಂದು ಕೊಡಲಿ, ಒಂದು ನೂಲಿನ ಹಗ್ಗ, ಒಂದು ಯಂತ್ರಗರಗಸ. ಪೆಟ್ರೋಲಿಗೆ ಟೂ-ಟಿ ಎಣ್ಣೆ ಬೆರೆಸಿ ಯಂತ್ರಕ್ಕೆ ಹಾಕುವುದು, ಮೊಂಡಾದ ಸರಪಳಿಯ ಹಲ್ಲುಗಳನ್ನು ಅರದಿಂದ ಒಂದೊಂದಾಗಿ ಹರಿತ ಮಾಡುವುದು ಬೆಳಗಿನ ಮೊದಲ ಕೆಲಸ. ತಂತಿಯ ಬಳಿಯ ಮರವಾದರೆ ಲೈನ್ ಬಂದ್ ಆಗುವವರೆಗೆ ಕಾಯಬೇಕು. ಮತ್ತೆ ವಿದ್ಯುತ್ ಹರಿಸುವ ಹೊತ್ತು ಸಮೀಪಿಸಿದಂತೆ ಕೈ ಅವಸರಪಡುತ್ತದೆ. ಈ ಕಸುಬಿನಲ್ಲಿ ಅವಸರಕ್ಕಿಂತ ದೊಡ್ಡ ಶತ್ರು ಇಲ್ಲ.

ಆ ಯಂತ್ರವೂ ಸಾಮಾನ್ಯವಾದುದಲ್ಲ. ಅದರ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಪಟ್ಟಿಯ ತುದಿಯ ಮೇಲ್ಭಾಗ ಕಟ್ಟಿಗೆಗೆ ತಾಗಿದರೆ ಯಂತ್ರ ಕಣ್ಣುಮಿಟುಕಿಸುವುದರೊಳಗೆ ಹಿಡಿದವನ ಮುಖದ ಕಡೆಗೆ ಸಿಡಿಯುತ್ತದೆ. ಅದನ್ನು ತಡೆಯಲೆಂದೇ ಸರಪಳಿಗೆ ಬ್ರೇಕ್ ಇರುತ್ತದೆ. ಹಳೆಯ ಯಂತ್ರಗಳಲ್ಲಿ ಅದು ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ. ಸದ್ದು 100 ಡೆಸಿಬಲ್ ಮೀರುತ್ತದೆ. ವರ್ಷಗಟ್ಟಲೆ ಕಂಪನ ತಾಳಿದ ಕೈಗಳಲ್ಲಿ ರಕ್ತಸಂಚಾರ ಕುಂದಿ ಬೆರಳುಗಳು ಬಿಳಿಚಿ ಮರಗಟ್ಟುವ ರೋಗವನ್ನು ವೈದ್ಯಲೋಕ ವಿದೇಶಗಳ ಅರಣ್ಯ ಕಾರ್ಮಿಕರಲ್ಲಿ 1960ರ ದಶಕದಲ್ಲಿಯೇ ಗುರುತಿಸಿತ್ತು.

ನಮ್ಮ ಬೀದಿಯಲ್ಲಿ ಕೊಂಬೆ ಕಡಿಯಲು ಬಂದಿದ್ದ ಒಬ್ಬರನ್ನು ಶಿರಸ್ತ್ರಾಣ, ಕಿವಿಗವಸು ಏಕಿಲ್ಲವೆಂದು ಕೇಳಿದೆ. ‘ಹೆಲ್ಮೆಟ್ ಹಾಕ್ಕೊಂಡ್ರ ಮ್ಯಾಗಿನ ಟೊಂಗಿ ಕಾಣೂದಿಲ್ರಿ ಸಾಹೇಬ್ರ, ಕಿವಿ ಮುಚ್ಚಿದ್ರ ಕೆಳಗಿನವ್ರ ಕೂಗು ಕೇಳೂದಿಲ್ರಿ’ ಎಂದರು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅವರು ನೋಡಿರುವುದು ದ್ವಿಚಕ್ರ ವಾಹನದ ಹೆಲ್ಮೆಟ್ಟನ್ನು. ಮೇಲ್ನೋಟಕ್ಕೆ ಅಡ್ಡಿಯಾಗದ, ಮುಖಕ್ಕೆ ಜಾಲರಿಯಿರುವ ಶಿರಸ್ತ್ರಾಣ ಈ ಕಸುಬಿಗೆಂದೇ ತಯಾರಾಗುತ್ತದೆ. ಅದನ್ನು ಅವರ ಕೈಗೆ ಯಾರೂ ಕೊಟ್ಟಿಲ್ಲ.

ಏಕೆ ಕೊಟ್ಟಿಲ್ಲ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಉತ್ತರವಿದೆ. ನಾವು ಈ ಕೆಲಸಕ್ಕೆ ಕೂಲಿ ಕೊಡುವ ರೀತಿಯನ್ನು ಗಮನಿಸಬೇಕು. ‘ಕಟ್ಟಿಗೆ ನೀವೇ ಒಯ್ಯಿರಿ, ದುಡ್ಡಿನಲ್ಲಿ ಸ್ವಲ್ಪ ಕಡಿಮೆ ಮಾಡಿ’ ಎಂಬುದು ಮಧ್ಯಮ ವರ್ಗದ ಮನೆಗಳಲ್ಲಿ ನಡೆಯುವ ಸಾಮಾನ್ಯ ಚೌಕಾಸಿ. ಅಂದರೆ ಕೂಲಿಯ ಒಂದು ಭಾಗವನ್ನು ನಾವು ಮರದ ರೂಪದಲ್ಲಿಯೇ ಕೊಡುತ್ತೇವೆ. ಆ ಕಟ್ಟಿಗೆ ಅಡ್ಡೆಗೋ ಭಟ್ಟಿಗೋ ಹೋದ ಮೇಲೆಯೇ ತಂಡದ ಪಗಾರ ಪೂರ್ತಿಯಾಗುತ್ತದೆ. ಹೀಗಿರುವಾಗ ಕಡಿಯುವವನ ಲಾಭ ಯಾವುದರಲ್ಲಿದೆ? ತೆಳು ಕೊಂಬೆಯನ್ನು ಬಿಟ್ಟು ದಪ್ಪ ಕೊಂಬೆಯನ್ನು ಕಡಿಯುವುದರಲ್ಲಿ, ಒಂದರ ಬದಲು ಮೂರನ್ನು ಇಳಿಸುವುದರಲ್ಲಿ, ಹಗ್ಗ ಕಟ್ಟಿ ನಿಧಾನವಾಗಿ ಇಳಿಸುವ ಬದಲು ಬೇಗ ಕೆಡವಿ ಮುಂದಿನ ಮನೆಗೆ ಹೋಗುವುದರಲ್ಲಿ. ಸಾರ್ವಜನಿಕ ಸಂಸ್ಥೆಗಳ ಕ್ರಮವೂ ಇದಕ್ಕಿಂತ ಬೇರೆಯಲ್ಲ. ಕಡಿಯುವ ಕೆಲಸ ಟೆಂಡರಿನಲ್ಲಿ ಅತಿ ಕಡಿಮೆ ಕೇಳಿದವನಿಗೆ, ಕಡಿದ ಮರ ಹರಾಜಿನಲ್ಲಿ ಅತಿ ಹೆಚ್ಚು ಕೊಟ್ಟವನಿಗೆ. ಕೌಶಲಕ್ಕೆ ಬೆಲೆ ಕಟ್ಟುವ ಹಂತವೇ ಇದರಲ್ಲಿಲ್ಲ.

ಇದರ ಫಲವನ್ನು ಮರಗಳ ಮೇಲೆ ಕಾಣಬಹುದು. ತಂತಿಯಿರುವ ಕಡೆಯ ಕೊಂಬೆಗಳನ್ನಷ್ಟೇ ಸವರಿದ ಗುಲ್‌ಮೊಹರ್ ಮತ್ತು ಮಳೆಮರಗಳು ಇನ್ನೊಂದು ಕಡೆಗೆ ಭಾರವಾಗಿ ನಿಂತಿರುತ್ತವೆ. ಮುಂದಿನ ಬಿರುಗಾಳಿಗೆ ಅವು ಆ ಕಡೆಗೇ ಉರುಳಿದಾಗ ನಾವು ಗಾಳಿಯನ್ನು ದೂರುತ್ತೇವೆ. ದಪ್ಪ ಕೊಂಬೆಯನ್ನು ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ದು, ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು. ಇಲ್ಲವಾದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೇ ಸೀಳಿಕೊಂಡು ಹೋಗುತ್ತದೆ. ಅಮೆರಿಕದ ವೃಕ್ಷರೋಗ ತಜ್ಞ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟದ್ದೇನೆಂದರೆ, ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ. ಮರ ಆ ಭಾಗದ ಸುತ್ತ ಒಳಗೋಡೆ ಕಟ್ಟಿಕೊಂಡು ಕೊಳೆತವನ್ನು ತಡೆಯುತ್ತದೆ. ಕೊಂಬೆಯ ಬುಡದ ಉಬ್ಬನ್ನು ಉಳಿಸಿ ಕೊಯ್ದರೆ ಮಾತ್ರ ಅದಕ್ಕೆ ಆ ಶಕ್ತಿ. ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಮನಾಗಿ ಕೊಯ್ದ ಜಾಗದಿಂದ ಕೊಳೆತ ಒಳಗಿಳಿಯುತ್ತದೆ. ಹತ್ತು ವರ್ಷಗಳ ನಂತರ ಆ ಟೊಳ್ಳು ಮರವನ್ನು ನಂಬಿ ಏರುವವನೂ ಇಂತಹ ಒಬ್ಬ ಕಾರ್ಮಿಕನೇ. ಕೆಟ್ಟ ಕೊಯ್ತ ಮರಕ್ಕೂ ಮನುಷ್ಯನಿಗೂ ಒಟ್ಟಿಗೇ ಅಪಾಯ ತರುತ್ತದೆ.

ಕಾನೂನು ಇವರನ್ನು ಪೂರ್ತಿಯಾಗಿ ಮರೆತಿದೆಯೇ ಎಂದರೆ ಹಾಗೂ ಹೇಳಲಾಗದು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಮರ ಕಡಿಯುವ ಕೆಲಸ ಹೆಸರಿಸಿಯೇ ಸೇರಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಸ್ಥಳೀಯ ಸಂಸ್ಥೆಯೊಂದು ಗುತ್ತಿಗೆದಾರನ ಮೂಲಕ ತನ್ನ ಕೆಲಸ ಮಾಡಿಸಿದಾಗ ಅಪಘಾತವಾದರೆ ಪರಿಹಾರದ ಹೊಣೆ ಮೂಲ ಸಂಸ್ಥೆಯ ಮೇಲೂ ಬೀಳುತ್ತದೆ. ಕೊಟ್ಟದ್ದನ್ನು ಅದು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಇದು ಹೊಸ ತತ್ವವೇನಲ್ಲ. ಆದರೆ ಹಾಜರಿ ಪಟ್ಟಿಯಲ್ಲಿ ಹೆಸರೇ ಇಲ್ಲದವನ ಹೆಂಡತಿ ತನ್ನ ಗಂಡ ಅಂದು ಯಾರ ಕೆಲಸದಲ್ಲಿದ್ದನೆಂದು ಹೇಗೆ ಸಿದ್ಧಪಡಿಸಬೇಕು? ಹಕ್ಕು ಪುಸ್ತಕದಲ್ಲಿದ್ದು ದಾಖಲೆ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.

ಬೇರೆಡೆ ಏನು ಮಾಡಿದ್ದಾರೆ? ಬ್ರಿಟನ್ನಿನಲ್ಲಿ ಕಸುಬಾಗಿ ಯಂತ್ರಗರಗಸ ಹಿಡಿದು ಮರಗೆಲಸ ಮಾಡುವವರಿಗೆ 1998ರ ನಿಯಮಗಳಡಿ ಅರ್ಹತಾ ಪತ್ರ ಬೇಕು. ಫಿಲಿಪ್ಪೀನ್ಸ್ 2002ರಲ್ಲಿ ಯಂತ್ರಗರಗಸಗಳ ನೋಂದಣಿಗೇ ಪ್ರತ್ಯೇಕ ಕಾಯ್ದೆ ತಂದಿತು. ಅಷ್ಟು ದೂರ ಹೋಗುವುದೂ ಬೇಡ. ತೆಂಗು ಏರುವವರು ಸಿಗದೆ ತೋಟಗಾರರು ಕಂಗಾಲಾದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿಯನ್ನು ಕೇರಳದಲ್ಲಿ ಆರಂಭಿಸಿ, ಬಳಿಕ ಕರ್ನಾಟಕಕ್ಕೂ ವಿಸ್ತರಿಸಿತು. ಮರ ಏರುವ ಸಾಧನ, ತರಬೇತಿ, ಅಪಘಾತ ವಿಮೆ ಮೂರನ್ನೂ ಒಟ್ಟಿಗೆ ಕೊಟ್ಟಿತು. ತೆಂಗಿಗೆ ಸಾಧ್ಯವಾದದ್ದು ಬೇವು-ಹುಣಸೆಗೆ ಏಕೆ ಸಾಧ್ಯವಾಗಬಾರದು?

ನಮ್ಮಲ್ಲಿ ಇದಕ್ಕೆ ಬೇಕಾದ ಸಂಸ್ಥೆಗಳಿಗೆ ಕೊರತೆಯಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯವಿದೆ, ಅದರಡಿ ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಈಗಾಗಲೇ ಕಸುಬಿನಲ್ಲಿರುವವರಿಗೆ ಕೆಲವು ವಾರಗಳ ತರಬೇತಿ ಕೊಟ್ಟು, ಆ ದಿನಗಳ ಕೂಲಿಯನ್ನೂ ತುಂಬಿಕೊಟ್ಟು, ಗುರುತಿನ ಚೀಟಿ ನೀಡಬಹುದು. ಪಾಲಿಕೆ ಮತ್ತು ಹೆಸ್ಕಾಂ ತಮ್ಮ ಟೆಂಡರಿನಲ್ಲಿ ಇಂತಹ ಚೀಟಿ ಉಳ್ಳವರ ಹೆಸರು, ವಿಮೆ, ಸುರಕ್ಷಾ ಸಾಧನಗಳನ್ನು ಕಡ್ಡಾಯಗೊಳಿಸಿ, ಅವುಗಳ ವೆಚ್ಚವನ್ನು ಅಂದಾಜು ಪಟ್ಟಿಯಲ್ಲಿಯೇ ತೋರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕಡಿಯುವ ಕೂಲಿಯನ್ನೂ ಕಟ್ಟಿಗೆಯ ಬೆಲೆಯನ್ನೂ ಬೇರ್ಪಡಿಸಬೇಕು. ಕೊಂಬೆ ಸವರಿದ್ದಕ್ಕೆ ಪೂರ್ತಿ ಹಣ ಸಿಗುವಂತಾದರೆ ಮರ ಉಳಿಸುವುದೂ ಒಂದು ಆದಾಯವಾಗುತ್ತದೆ.

ಇದರಿಂದ ವೆಚ್ಚ ಹೆಚ್ಚುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಹೆಚ್ಚುತ್ತದೆ ನಿಜ, ಮೂವರು ಬಡವರಿಂದ ಅರ್ಧ ದಿನದಲ್ಲಿ ಮುಗಿಸಿಕೊಳ್ಳುತ್ತಿದ್ದ ಕೆಲಸಕ್ಕೆ ಒಂದು ದಿನದ ಹಣ ಕೊಡಬೇಕಾಗಬಹುದು. ಆದರೆ ಆ ವೆಚ್ಚ ಈಗಲೂ ಇದೆ, ಅದನ್ನು ಕೊಡುತ್ತಿರುವವರು ನಾವಲ್ಲ ಅಷ್ಟೆ. ಒಬ್ಬರ ವ್ಯವಹಾರದ ಹೊರೆ ಇನ್ನೊಬ್ಬರ ಹೆಗಲಿಗೆ ಬೀಳುವ ಇಂತಹ ಸ್ಥಿತಿಯನ್ನು ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿಯೇ ವಿವರಿಸಿದ್ದರು. ಇಲ್ಲಿ ಆ ಹೆಗಲು ಸೊಂಟ ಮುರಿದುಕೊಂಡು ಮೂಲೆ ಹಿಡಿದವನದು, ಅವನ ಬದಲಿಗೆ ಶಾಲೆ ಬಿಟ್ಟು ದುಡಿಯಹೊರಟ ಮಗನದು.

ಈ ವರ್ಷದ ಅಡ್ಡಮಳೆಗೆ ಮುನ್ನ ಕನಿಷ್ಠ ಒಂದು ಕೆಲಸ ಯಾವ ಕಾಯ್ದೆಯ ತಿದ್ದುಪಡಿಯೂ ಇಲ್ಲದೆ ಸಾಧ್ಯ. ಮರ ಕಡಿಯುವ ಪ್ರತಿ ಆದೇಶದ ಕೆಳಗೆ, ಮರದ ಜಾತಿ ಮತ್ತು ಸುತ್ತಳತೆಯ ಜೊತೆಗೆ, ಅದನ್ನು ಏರುವವನ ಹೆಸರು ಮತ್ತು ಅವನ ವಿಮೆಯ ಸಂಖ್ಯೆಯನ್ನು ಬರೆಯಲು ಒಂದು ಸಾಲು ಸೇರಿಸಲಿ. ಮನೆಗೆ ಕರೆಸಿಕೊಳ್ಳುವ ನಾವೂ ದರ ಕೇಳುವ ಮೊದಲು ಆ ಎರಡನ್ನು ಕೇಳೋಣ.